ಮಹಡಿ ಮನೆಗೆ ನಾಯಿ ಸಾಕಿದವರು ಬಂದಾಗ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ಬನಶಂಕರಿ ಮನೆಯ ಮಹಡಿಯನ್ನು ಕೇಳಿಕೊಂಡು ಬಂದ ದಂಪತಿಯ ವಿಷಯ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಇಬ್ಬರಿಗೂ ಕೆಲಸವಿದೆ, ಹೇಳಿದ ಬಾಡಿಗೆಗೆ ಒಪ್ಪಿದ್ದಾರೆ, ಜೊತೆಗೆ ಒಂದು ಲ್ಯಾಬ್ರಡಾರ್ ಇದೆ. ಬ್ರೋಕರ್ "ಬೇಡ ಅಂದ್ಬಿಡಿ ಮೇಡಂ, ಬೇರೆಯವರು ಸಿಗ್ತಾರೆ" ಅನ್ನುತ್ತಿದ್ದಾನಂತೆ. ನಿನಗೆ ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಸಾಲದು. ಅಪ್ಪ ಅಮ್ಮ ಕಟ್ಟಿಸಿದ ಮನೆಗಳ ಉಸ್ತುವಾರಿ ಈಗ ನಿನ್ನ ವಯಸ್ಸಿನವರ ಹೆಗಲಿಗೆ ಬರುತ್ತಿದೆ. ಹಾಗಾಗಿ ನಿನಗೆ ಹೇಳಬೇಕಾದ್ದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು ಮುಗಿಸೋಣ. ನಾಯಿ ಇರುವವರಿಗೆ ಮನೆ ಕೊಡಲೇಬೇಕು ಎಂಬ ಕಟ್ಟಳೆ ಖಾಸಗಿ ಮನೆ ಓನರುಗಳ ಮೇಲೆ ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇರುವುದು ನಿವಾಸಿಗಳ ಸಂಘಗಳಿಗೆ. ಬಹುಮತದಿಂದ ನಿರ್ಣಯ ಮಾಡಿಕೊಂಡರೂ ಸಾಕುನಾಯಿಗಳನ್ನು ಸಂಘ ನಿಷೇಧಿಸುವಂತಿಲ್ಲ ಎಂದು ಅದು ಹೇಳುತ್ತದೆ. ಆದ್ದರಿಂದ "ನಮ್ಮ ಸಂಘದವರು ಒಪ್ಪೋದಿಲ್ಲ" ಎಂದು ನೆಪ ಹೇಳಿ ಅವರನ್ನು ಸಾಗಹಾಕಬೇಡ. ಕೊಡುವುದೂ ಬಿಡುವುದೂ ನಿನ್ನ ತೀರ್ಮಾನ, ಅದನ್ನು ನಿನ್ನ ಬಾಯಿಂದಲೇ ಹೇಳು.

ಇಂಥ ಸಂದರ್ಭದಲ್ಲಿ ನಾನು ತಿಳಿದುಕೊಳ್ಳಲು ಬಯಸುವುದು ಒಂದೇ: ಆ ನಾಯಿಯ ದಿನ ಹೇಗೆ ಕಳೆಯುತ್ತದೆ? ಬೆಳಿಗ್ಗೆ ಯಾರು ವಾಕಿಂಗ್ ಕರೆದುಕೊಂಡು ಹೋಗುತ್ತಾರೆ, ಇಬ್ಬರೂ ಆಫೀಸಿಗೆ ಹೊರಟ ಮೇಲೆ ಅದು ಎಲ್ಲಿರುತ್ತದೆ, ಅವರು ಊರಿಗೆ ಹೋದಾಗ ಯಾರ ಬಳಿ ಬಿಡುತ್ತಾರೆ? ಈ ಪ್ರಶ್ನೆಗಳಿಗೆ ತಡವರಿಸದೆ, ಗಂಟೆ ಸಮೇತ ಉತ್ತರ ಕೊಡುವವರು ನಿನ್ನ ಮನೆಯನ್ನೂ ಚೆನ್ನಾಗಿಯೇ ಇಟ್ಟುಕೊಳ್ಳುತ್ತಾರೆ. "ಅದರ ಪಾಡಿಗೆ ಅದು ಇರುತ್ತೆ" ಅಂದರೆ ಮುಂದುವರಿಯಬೇಡ. ದಿನವಿಡೀ ಕೂಡಿಹಾಕಿದ ನಾಯಿ ಬಾಗಿಲು ಕೆರೆಯುತ್ತದೆ, ಸೊಳ್ಳೆ ಜಾಲರಿ ಹರಿಯುತ್ತದೆ, ಊಳಿಡುತ್ತದೆ. ಅದು ನಾಯಿಯ ದುರ್ಗುಣವಲ್ಲ, ಸಂಕಟ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಇದಕ್ಕೂ ಜಾಗವಿದೆ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಓಡಾಡಿಸದಿದ್ದರೆ ಅದರ ಯಜಮಾನ ತಪ್ಪಿತಸ್ಥ.

ಬರುವ ಭಾನುವಾರ ಅವರು ಈಗಿರುವ ಮನೆಗೇ ಹೋಗಿ ನೋಡು. ನಿಜವಾಗಿ ಸಾಕುವವರು ಸಂತೋಷದಿಂದ ಕರೆಯುತ್ತಾರೆ. ಬಾಗಿಲ ಕೆಳಭಾಗದಲ್ಲಿ ಉಗುರಿನ ಗೀರುಗಳಿವೆಯೇ ನೋಡು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಏನು ಬಡಿಯುತ್ತದೆ ಗಮನಿಸು. ಆಮೇಲೆ ಮೂಗು ಹೊಂದಿಕೊಂಡುಬಿಡುತ್ತದೆ. ಲಸಿಕೆಯ ಪುಸ್ತಕ ಕೇಳು. ರೇಬಿಸ್ ಚುಚ್ಚುಮದ್ದಿನ ತಾರೀಖು ಈಚಿನದಿರಬೇಕು, ಪಾಲಿಕೆಯ ಲೈಸೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಉಣ್ಣಿಗೆ ಏನು ಔಷಧಿ ಹಾಕುತ್ತಾರೆ ಎಂದೂ ಕೇಳು. ಇದನ್ನು ಯಾವ ಓನರೂ ಕೇಳುವುದಿಲ್ಲ, ಆದರೆ ನಾಯಿಯ ಮೈಯಿಂದ ಇಳಿದ ಉಣ್ಣಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಬಾಡಿಗೆಯವರು ಹೋದ ಮೇಲೂ ಅಲ್ಲೇ ಇರುತ್ತದೆ.

ಅಲ್ಲಿಂದ ಹೊರಟ ಮೇಲೆ ಪಕ್ಕದ ಮನೆಯ ಬೆಲ್ ಒತ್ತು. "ನಮ್ಮ ನಾಯಿ ಬೊಗಳೋದೇ ಇಲ್ಲ" ಎಂದು ಆ ದಂಪತಿ ಪ್ರಾಮಾಣಿಕವಾಗಿಯೇ ಹೇಳಿರಬಹುದು. ಅವರು ಇಲ್ಲದಿರುವಾಗ ಅದು ಏನು ಮಾಡುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಪಕ್ಕದವರಿಗೆ ಗೊತ್ತಿರುತ್ತದೆ.

ಅದರ ವಯಸ್ಸು ಎಷ್ಟು ಎಂದು ನಿನ್ನ ಅಮ್ಮನಿಗೆ ತಿಳಿದಿಲ್ಲ. ಐದಾರು ವರ್ಷ ದಾಟಿದ್ದರೆ ನನಗೆ ಅರ್ಧ ಚಿಂತೆ ಕಡಿಮೆ. ಮರಿ ನೋಡಿ ಮನಸ್ಸು ಕರಗಿಸಿಕೊಳ್ಳುವವರು ಬಹಳ. ಆದರೆ ಕಂಡಲ್ಲಿ ಉಚ್ಚೆ ಹೊಯ್ಯುವುದೂ ಬಾಗಿಲ ಚೌಕಟ್ಟು ಕಡಿಯುವುದೂ ಮರಿಯೇ. ಲ್ಯಾಬ್ರಡಾರ್ ಸಾಧು ಪ್ರಾಣಿ, ಕೂದಲು ಮಾತ್ರ ವರ್ಷವಿಡೀ ಉದುರುತ್ತದೆ, ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತದೆ. ಪೊಮೆರೇನಿಯನ್ ಪುಟ್ಟದು ಅಂತ ಒಪ್ಪಿಕೊಂಡವರು ಅದರ ಗಂಟಲನ್ನು ಮರೆತಿರುತ್ತಾರೆ. ನಮ್ಮ ಮುಧೋಳ ನಾಯಿ ಬಯಲಿನಲ್ಲಿ ಓಡಲು ಹುಟ್ಟಿದ್ದು. ಎರಡು ಕೋಣೆಯ ಮಹಡಿಯಲ್ಲಿ ಅದನ್ನು ಸಾಕುತ್ತೇನೆ ಅನ್ನುವವರ ವಿವೇಕದ ಬಗ್ಗೆಯೇ ನನಗೆ ಅನುಮಾನ. ಬೀದಿಯಿಂದ ತಂದು ಸಾಕಿದ ನಾಟಿ ನಾಯಿಯನ್ನು ಕಂಡು ಮೂಗು ಮುರಿಯುವ ಓನರುಗಳಿದ್ದಾರೆ. ಅದರ ಕೂದಲು ಗಿಡ್ಡ, ನಮ್ಮ ಹವೆಗೆ ಒಗ್ಗಿದ ಮೈ. ನನ್ನನ್ನು ಕೇಳಿದರೆ ಅದನ್ನು ಸಾಕಿದವರಿಗೆ ಮೊದಲು ಮನೆ ಕೊಡಬೇಕು.

ನಿನ್ನ ಅಮ್ಮನ ಒಪ್ಪಿಗೆ ಇಲ್ಲದೆ ಮಾತ್ರ ಮುಂದೆ ಹೋಗಬೇಡ. ನೀನು ಪುಣೆಯಲ್ಲಿರುತ್ತೀಯ, ಕೆಳಗಿನ ಮನೆಯಲ್ಲಿ ಇರುವವಳು ಅವಳು. ಮೆಟ್ಟಿಲು ಒಂದೇ, ಮಂಡಿನೋವಿನ ಕಾಲು. ಎಂಥ ಸಾಧು ನಾಯಿಯಾದರೂ ಪ್ರೀತಿಯಿಂದ ಮೇಲೆ ಹಾರಿದರೆ ಅವಳು ಬೀಳುತ್ತಾಳೆ. ನಾಯಿ ಮೆಟ್ಟಿಲು ಇಳಿಯುವಾಗ ಹಗ್ಗ ಕೈಯಲ್ಲಿರಬೇಕು, ಇದು ಮೊದಲ ಷರತ್ತು. ಅವಳಿಗೆ ಮಡಿಯ ಚಿಂತೆಯೂ ಇದೆ. ತುಳಸಿಕಟ್ಟೆ, ಅಂಗಳದ ರಂಗೋಲಿ. ಅದನ್ನು ಹಳೇ ಕಾಲದ ಮಾತು ಎಂದು ತಳ್ಳಿಹಾಕಬೇಡ, ಅಲ್ಲಿಗೆ ನಾಯಿ ಬಾರದ ಹಾಗೆ ಒಂದು ಗೇಟು ಹಾಕಿಸಿಕೊಡು. ನಾಯಿಯೆಂದರೇ ಹೊಲಸು ಅಂದರೆ ಮಾತ್ರ, ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ಅವಳಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನಪಿಸು. ಹತ್ತನೇ ಶತಮಾನದಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು, ತಕ್ಕೋಲದ ಯುದ್ಧದ ಸುದ್ದಿಯಿರುವ ಕಲ್ಲಿನಲ್ಲೇ ಕೊರೆಸಿದ ನಾಡು ಇದು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೇ ಇದೆ.

ಇನ್ನೊಂದು ಮುಖ್ಯ ಸಂಗತಿ ತಾರಸಿ. ಮಳೆನೀರು ತಾರಸಿಯಿಂದ ಸಂಪಿಗೆ ಇಳಿಯುವ ಹಾಗೆ ನಿನ್ನ ಅಪ್ಪ ಪೈಪು ಹಾಕಿಸಿದ್ದಾರೆ. ಬೆಳಿಗ್ಗೆ ಎದ್ದು ಕೆಳಗಿಳಿಯಲು ಸೋಮಾರಿತನವಾದವರು ನಾಯಿಯನ್ನು ತಾರಸಿಗೆ ಬಿಡುತ್ತಾರೆ. ಒಂದು ಮಳೆ ಬಂದರೆ ಅದೆಲ್ಲ ಸಂಪಿನಲ್ಲಿ. ಇಲಿಜ್ವರ ತರುವ ರೋಗಾಣು ನಾಯಿಯ ಉಚ್ಚೆಯಿಂದಲೂ ಹರಡುತ್ತದೆ. ನಾಯಿಯನ್ನು ತಾರಸಿಗೆ ಬಿಡಬಾರದು, ಈ ಒಂದರಲ್ಲಿ ರಿಯಾಯಿತಿ ಕೂಡದು.

ಕೊಡುವುದು ಎಂದು ನಿಶ್ಚಯಿಸಿದರೆ ಎಲ್ಲವನ್ನೂ ಅಗ್ರಿಮೆಂಟಿನಲ್ಲಿ ಬರೆಸು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯೊಳಗೆ ಬರುವುದಿಲ್ಲ, ಅಂದರೆ ಇಂದಿನ ಬಹುಪಾಲು ಮನೆಗಳು ಹೊರಗೇ. ಅಲ್ಲಿ ನಡೆಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಂಡ ಕರಾರು. ಈಗಿರುವ ನಾಯಿಯ ತಳಿ, ಬಣ್ಣ, ವಯಸ್ಸು ನಮೂದಾಗಲಿ. ಇನ್ನೊಂದನ್ನು ತರುವುದಾದರೆ ಕೇಳಿಯೇ ತರಬೇಕು. ಬಾಗಿಲು, ಜಾಲರಿ, ಹಳೆಯ ಮೊಸಾಯಿಕ್ ನೆಲದ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಪಾಲಿಶ್ ಹೋದ ಮೊಸಾಯಿಕ್ ಉಚ್ಚೆಯನ್ನು ಹೀರಿಕೊಳ್ಳುತ್ತದೆ, ಆ ವಾಸನೆ ಫಿನಾಯಿಲಿಗೆ ಜಗ್ಗುವುದಿಲ್ಲ. ಹಾಗಾಗಿ ಅವರು ಬರುವ ಮೊದಲೇ ಪಾಲಿಶ್ ಮಾಡಿಸಿಬಿಡು. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಅದರ ಜೊತೆಗೆ ಪೆಸ್ಟ್ ಕಂಟ್ರೋಲ್ ಖರ್ಚು ಮತ್ತು ನಾಯಿಯಿಂದ ಆದ ನಿಜವಾದ ಹಾನಿ, ಅಷ್ಟು ಸಾಕು. ನಾಯಿ ಇದೆ ಎಂಬ ಕಾರಣಕ್ಕೆ ಅಡ್ವಾನ್ಸ್ ಏರಿಸುವುದು, ತಿಂಗಳಿಗೆ ಇಷ್ಟು ಹೆಚ್ಚು ಎಂದು ಕೇಳುವುದು ನನಗೆ ಸರಿಬಾರದು. ಹತ್ತು ಮನೆ ತಿರುಗಿ ಸೋತು ಬಂದವರ ಅಸಹಾಯಕತೆಗೆ ಬೆಲೆ ಕಟ್ಟಿದ ಹಾಗೆ ಅದು.

ಒಪ್ಪಿದ ಮೇಲೆ ನಡುವೆ ಮಾತು ತಿರುಗಿಸಬೇಡ. ನೋಂದಣಿಯ ಗೋಜು ಬೇಡವೆಂದು ನಾವೆಲ್ಲ 11 ತಿಂಗಳ ಕರಾರು ಮಾಡುತ್ತೇವೆ. ನಾಯಿ ಸಾಕಿದವರಿಗೆ ಪ್ರತಿ ಹನ್ನೊಂದನೇ ತಿಂಗಳೂ ಎದೆ ಢವಗುಟ್ಟುತ್ತದೆ. ಬಿಡಿಸುವುದಿದ್ದರೆ ಎರಡು ಮೂರು ತಿಂಗಳು ಮುಂಚೆಯೇ ತಿಳಿಸು. ನಾಯಿ ಜೊತೆ ಹೋಗಲು ಮನೆ ಸಿಗದೆ ಅದನ್ನು ಬೀದಿಗೆ ಬಿಟ್ಟುಹೋದವರನ್ನು ನಾನು ಕಂಡಿದ್ದೇನೆ. ಹಾಗೆ ಬಿಡುವುದು ಅದೇ 11ನೇ ಕಲಮಿನ ಪ್ರಕಾರ ಅಪರಾಧ. ಸಾಕಿದವರ ಅಪರಾಧವೇ ಸರಿ, ಆದರೂ ಅವಸರದಲ್ಲಿ ಮನೆ ಖಾಲಿ ಮಾಡಿಸಿದವರಿಗೂ ಅದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ.

ಅಮ್ಮ ಬೇಡ ಅಂದರೆ, ಅಥವಾ ನೋಡಿ ಬಂದ ಮೇಲೆ ನಿನಗೇ ಒಪ್ಪಿಗೆಯಾಗದಿದ್ದರೆ, ಅಂದೇ ಹೇಳಿಬಿಡು. ಟು-ಲೆಟ್ ಬೋರ್ಡಿನಲ್ಲೂ ಬರೆಸು, ನಾಯಿ ಸಾಕಿದವರು ಸುಮ್ಮನೆ ಅಲೆಯದಿರಲಿ. ಎಲ್ಲ ಬಾಗಿಲೂ ಮುಚ್ಚಿದರೆ ಜನ ನಾಯಿಯನ್ನು ಮುಚ್ಚಿಟ್ಟು ಮನೆ ಹಿಡಿಯುತ್ತಾರೆ, ಆಗ ಲಸಿಕೆಯ ಪುಸ್ತಕವನ್ನೂ ನೀನು ಕೇಳಲಾರೆ. ನನ್ನ ಒಲವು ಕೊಡುವ ಕಡೆಗೇ ಇದೆ. ಭಾನುವಾರ ನೋಡಿಕೊಂಡು ಬಂದ ಮೇಲೆ ಫೋನ್ ಮಾಡು, ಅಗ್ರಿಮೆಂಟಿನ ಕರಡನ್ನೂ ಕಳಿಸು. ತಾರಸಿಯ ಷರತ್ತನ್ನು ಹೇಗೆ ಬರೆದಿದ್ದಾರೆ ಎಂದು ನಾನೇ ಓದಿ ನೋಡುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ