ಒಂದು ವಿನೋದ ಕಾದಂಬರಿ ತಂದ ನಿರಾಶೆ

ಶಾಲೆಯ ಪುಸ್ತಕಭಂಡಾರದಿಂದ ಲೂಯಿಸ್ ಕ್ಯಾರೊಲ್ಲನ ‘ಸಿಲ್ವಿ ಅಂಡ್ ಬ್ರೂನೋ’ ಎಂಬ ಕಾದಂಬರಿಯನ್ನು ಒಯ್ದಿದ್ದ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಅದನ್ನು ಅರ್ಧಕ್ಕೇ ನಿಲ್ಲಿಸಿ ಹಿಂತಿರುಗಿಸಿದನು. “ನನಗೆ ಇಂಗ್ಲಿಷು ಸಾಲದು ಸಾರ್, ಅದಕ್ಕೇ ಹಿಡಿಸಲಿಲ್ಲ” ಎಂದು ತಲೆ ತಗ್ಗಿಸಿ ನುಡಿದನು. ಕನ್ನಡ ಶಾಲೆಯ ಮಕ್ಕಳಲ್ಲಿ ಈ ಸಂಕೋಚವು ಬಹಳ. ಗ್ರಂಥವು ರುಚಿಸದಿದ್ದರೆ ದೋಷವು ತಮ್ಮದೇ ಎಂದು ಬಗೆಯುತ್ತಾರೆ. ತಾಯಿತಂದೆಗಳೂ ಹಾಗೆಯೇ ನಂಬುತ್ತಾರೆ. ಆ ಬಾಲಕನ ‘ಹಿಡಿಸಲಿಲ್ಲ’ ಎಂಬ ಮಾತು ಯೋಗ್ಯವಾದ ತೀರ್ಪೇ ಆಗಿತ್ತು. ಅದಕ್ಕೆ ಕಾರಣವನ್ನು ಹುಡುಕಲು ಮಾತ್ರ ಅವನಿಗೆ ತಿಳಿಯಲಿಲ್ಲ.

ಕ್ಯಾರೊಲ್ಲನ ನಿಜನಾಮ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್, ಆಕ್ಸ್‌ಫರ್ಡಿನಲ್ಲಿ ಗಣಿತಾಧ್ಯಾಪಕ. 1865ರಲ್ಲಿ ಪ್ರಕಟವಾದ ಆತನ ‘ಆಲಿಸ್’ ಕಥೆಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದಿರುವರು. ಆ ಕಥೆಯು ಹುಟ್ಟಿದುದು 1862ರ ಜುಲೈ 4ರಂದು, ದೋಣಿಯಲ್ಲಿ ಕುಳಿತ ಮೂವರು ಬಾಲಿಕೆಯರಿಗೆ ಬಾಯಿಮಾತಿನಲ್ಲಿ ಹೇಳಿದಾಗ. ಕೇಳುವವರು ಎದುರಿಗೇ ಇದ್ದರು. ಬೇಸರ ಬಂದಿದ್ದರೆ ಮುಖದಲ್ಲಿಯೇ ಕಾಣುತ್ತಿತ್ತು.

‘ಸಿಲ್ವಿ’ಯ ಹುಟ್ಟು ಬೇರೆ. 1867ರಲ್ಲಿ ಮಕ್ಕಳ ಪತ್ರಿಕೆಯೊಂದಕ್ಕೆ ಬರೆದ ಕಿರುಗತೆಯನ್ನು ಹಿಗ್ಗಿಸುವ ಆಲೋಚನೆ ಆತನಿಗೆ 1874ರಲ್ಲಿ ಮೂಡಿತು. ವರ್ಷಗಟ್ಟಲೆ ಹೊಳೆದ ಬಿಡಿ ವಿಚಾರಗಳನ್ನೂ ಸಂಭಾಷಣೆಗಳನ್ನೂ ಕೂಡಿಟ್ಟು, ಅವುಗಳನ್ನು ಪೋಣಿಸಲು ಕಥೆಯ ದಾರವನ್ನು ಅರಸಬೇಕಾಯಿತೆಂದು ಮುನ್ನುಡಿಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಮೊದಲ ಭಾಗ 1889ರಲ್ಲಿ, ಎರಡನೆಯದು 1893ರಲ್ಲಿ ಹೊರಬಂದವು. ಮಣಿಗಳು ಮೊದಲು, ದಾರ ಆಮೇಲೆ! ನಿರಾಶೆಯ ಬೇರು ಇಲ್ಲಿಯೇ ಉಂಟು.

ಆಲಿಸಳು ಬಿಲದೊಳಕ್ಕೆ ಬಿದ್ದ ಮೇಲೆ ಕನಸು ಮುಗಿಯುವ ತನಕ ನಾವೂ ಅಲ್ಲಿಯೇ ಇರುವೆವು. ಇಲ್ಲಿಯಾದರೋ ನಿರೂಪಕನು ತೂಕಡಿಸಿದಾಗ ಯಕ್ಷಬಾಲಕರು; ಎಚ್ಚೆತ್ತಾಗ ಮ್ಯೂರಿಯಲ್ ಎಂಬ ಶ್ರೀಮಂತ ಕನ್ಯೆ, ಆರ್ಥರ್ ಎಂಬ ವೈದ್ಯ, ಅವರ ಪ್ರಣಯ, ನಡುನಡುವೆ ಧರ್ಮಚರ್ಚೆ. ನಗಲು ಬಾಯಿ ತೆರೆದವನಿಗೆ ಉಪದೇಶದ ತುತ್ತು ಬೀಳುತ್ತದೆ. ಬ್ರೂನೋವಿನ ತೊದಲ್ನುಡಿಯಂತೂ ನನಗೆ ಹತ್ತು ಪುಟಗಳಲ್ಲಿಯೇ ಸಾಕಾಯಿತು. ನಗುವಿನೊಡನೆ ಗಂಭೀರ ಚಿಂತನೆಯನ್ನೂ ಮಕ್ಕಳಿಗೆ ಕೊಡಬೇಕೆಂಬ ಆತನ ಉದ್ದೇಶವು ಹೀನವಾದುದಲ್ಲ; ಆದರೆ ಎರಡೂ ಒಂದರೊಳಗೊಂದು ಬೆರೆಯಲಿಲ್ಲ.

ಹಾಗೆಂದು ಗ್ರಂಥವೆಲ್ಲ ಜೊಳ್ಳಲ್ಲ. ಒಂದು ದೇಶದವರು ಮೈಲಿಗೆ ಮೈಲಿಯಷ್ಟೇ ದೊಡ್ಡ ನಕ್ಷೆಯನ್ನು ರಚಿಸುತ್ತಾರೆ. ಬಿಡಿಸಿ ಹಾಸಿದರೆ ಹೊಲಗಳಿಗೆ ಬಿಸಿಲು ತಪ್ಪುವುದೆಂದು ರೈತರು ಅಡ್ಡಬರುತ್ತಾರೆ. ಕಡೆಗೆ ದೇಶವನ್ನೇ ನಕ್ಷೆಯಾಗಿ ಬಳಸತೊಡಗುತ್ತಾರೆ. ಭೂಗೋಳದ ತರಗತಿಯಲ್ಲಿ ಇದನ್ನು ಹೇಳಿದಾಗ ಆ ಬಾಲಕನು ಎಲ್ಲರಿಗಿಂತ ಹೆಚ್ಚು ನಕ್ಕನು.

“ಇದು ನಾನು ಓದಿದುದರಲ್ಲಿ ಇರಲಿಲ್ಲವಲ್ಲ ಸಾರ್?” ಎಂದನು.

“ಎರಡನೆಯ ಭಾಗದ ಹನ್ನೊಂದನೆಯ ಅಧ್ಯಾಯ ಕಣಪ್ಪಾ. ಅದೊಂದನ್ನೇ ಓದು” ಎಂದೆನು.