ಮಲಬದ್ಧತೆ: ಪದವಿಚಾರ ಮತ್ತು ಮನೆಮದ್ದಿನ ವಿವೇಕ

ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ವೈದ್ಯಕ್ಕೆ ಹಿರಿದಾದ ಸ್ಥಾನವಿದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಕೃಷಿ, ಪಾಕಗಳ ಜೊತೆಗೆ ವೈದ್ಯವನ್ನೂ ಹೇಳುತ್ತದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ಗ್ರಂಥ. ಈ ಕೃತಿಗಳನ್ನು ಓದುವ ವಿದ್ಯಾರ್ಥಿಯು ರೋಗ, ಮೂಲಿಕೆ, ಪ್ರಮಾಣಗಳ ಹೆಸರುಗಳನ್ನು ಎಚ್ಚರದಿಂದ ಗಮನಿಸುತ್ತಾನೆ. ಅದೇ ಎಚ್ಚರವನ್ನು ಮನೆಯೊಳಗಿನ ಮಾತಿಗೂ ಅನ್ವಯಿಸಬಹುದು. ಅದಕ್ಕೆ ಮಲಬದ್ಧತೆಯನ್ನು ಈ ಪಾಠದಲ್ಲಿ ಉದಾಹರಣೆಯಾಗಿ ಎತ್ತಿಕೊಳ್ಳಲಾಗಿದೆ.

1. ಹೆಸರುಗಳು

‘ಮಲಬದ್ಧತೆ’ ಎಂದರೆ ಮಲದ ಬದ್ಧತೆ. ಇದು ಷಷ್ಠೀ ತತ್ಪುರುಷ. ಮರಾಠಿಯಲ್ಲಿ ಇದೇ ತೊಂದರೆಗೆ ‘ಬದ್ಧಕೋಷ್ಠತಾ’ ಎನ್ನುತ್ತಾರೆ. ‘ಬದ್ಧ’ ಎಂಬ ಸಂಸ್ಕೃತ ಪದ ಎರಡರಲ್ಲಿಯೂ ಇದೆ. ಆದರೆ ಕನ್ನಡವು ಕಟ್ಟಿಕೊಂಡ ವಸ್ತುವನ್ನು ಹೆಸರಿಸಿದರೆ, ಮರಾಠಿಯು ಕಟ್ಟಿಕೊಂಡ ಸ್ಥಾನವನ್ನು, ಅಂದರೆ ಕೋಷ್ಠವನ್ನು ಹೆಸರಿಸುತ್ತದೆ. ಹಿಂದಿಯ ‘ಕಬ್ಜ್’ ಹಿಡಿತ ಎಂಬ ಅರ್ಥದ ಅರಬ್ಬಿ ಪದ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮನೆಮಾತಿನಲ್ಲಿ ಈ ಗ್ರಾಂಥಿಕ ಪದಗಳು ಅಪರೂಪ. ‘ಹೊಟ್ಟಿ ಬಿಗದೈತಿ’, ‘ಹೊರಕಡಿಗೆ ಆಗಿಲ್ಲ’ ಎಂಬವು ಇಲ್ಲಿಯ ಮಾತುಗಳು. ‘ಹೊಟ್ಟಿ ಸಾಫ್ ಆಗವಲ್ದು’ ಎಂಬುದರಲ್ಲಿ ಮರಾಠಿಯ ‘ಪೋಟ ಸಾಫ ಹೋತ ನಾಹೀ’ ಎಂಬ ನುಡಿಗಟ್ಟಿನ ನೆರಳಿದೆ. ‘ಚರಗಿ ತಗೊಂಡು ಹೋಗುವುದು’ ಎಂಬ ಮಾತು ಕ್ರಿಯೆಯನ್ನು ಹೇಳದೆ ಪಾತ್ರೆಯನ್ನಷ್ಟೇ ಹೇಳುತ್ತದೆ. ನಾಚಿಕೆಯನ್ನು ಕಾಯುವ ಇಂಥ ಮರೆಮಾತು ಸಭ್ಯವಾದದ್ದೇ. ಆದರೆ ವೈದ್ಯರ ಮುಂದೆ ಕುಳಿತಾಗಲೂ ಅದನ್ನೇ ಹಿಡಿದುಕೊಂಡರೆ ರೋಗದ ವಿವರ ಮರೆಯಲ್ಲಿಯೇ ಉಳಿಯುತ್ತದೆ.

2. ಒಂದು ಪದ, ಎರಡು ಅರ್ಥ

‘ಭೇದಿ’ ಎಂಬ ಪದವು ಒಡೆಯುವುದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಕಟ್ಟಿದ ಮಲವನ್ನು ಒಡೆದು ಹೊರಹಾಕುವ ಔಷಧಿಯನ್ನು ಆಯುರ್ವೇದವು ‘ಭೇದನ’ ಎನ್ನುತ್ತದೆ. ಬಳಕೆಯ ಕನ್ನಡದಲ್ಲಿ ‘ಭೇದಿ ಕೊಡು’ ಎಂದರೆ ಔಷಧಿ, ‘ಭೇದಿ ಆಗುತ್ತಿದೆ’ ಎಂದರೆ ರೋಗ. ‘ಜುಲಾಬು’ ಕೂಡ ಹಾಗೆಯೇ. ಗುಲಾಬಿ ನೀರು ಎಂಬ ಅರ್ಥದ ಫಾರಸಿ ‘ಗುಲಾಬ್’ ಅರಬ್ಬಿಯಲ್ಲಿ ‘ಜುಲಾಬ್’ ಆಗಿ, ಭಾರತದ ಭಾಷೆಗಳಲ್ಲಿ ವಿರೇಚಕವೆಂಬ ಅರ್ಥ ಪಡೆಯಿತು. ಮರಾಠಿಯಲ್ಲಿ ‘ಜುಲಾಬ ಘೇಣೆ’ ಎಂದರೆ ವಿರೇಚಕ ಸೇವಿಸುವುದು. ‘ಜುಲಾಬ ಹೋಣೆ’ ಎಂದರೆ ನೀರಿನಂತೆ ಮಲ ಹೋಗುವುದು.

ಹೀಗಾಗಿ ‘ಭೇದಿಗೆ ಔಷಧ ಕೊಡಿರಿ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ: ಭೇದಿಯಾಗಲು ಔಷಧ, ಭೇದಿ ನಿಲ್ಲಲು ಔಷಧ. ಇಲ್ಲಿಯ ಚತುರ್ಥೀ ವಿಭಕ್ತಿ ಎರಡಕ್ಕೂ ಹೊಂದುತ್ತದೆ. ಔಷಧದ ಅಂಗಡಿಯಲ್ಲಿ ಈ ಸಂದಿಗ್ಧತೆಯಿಂದ ಕೇಡಾಗಬಹುದು. ವೃದ್ಧರಲ್ಲಿ, ಹಾಸಿಗೆ ಹಿಡಿದವರಲ್ಲಿ ಗಟ್ಟಿಯಾದ ಮಲವು ಗುದದ್ವಾರದ ಬಳಿ ಸಿಕ್ಕಿಕೊಂಡಾಗ ಅದರ ಪಕ್ಕದಿಂದ ನೀರುಮಲ ಸೋರುತ್ತದೆ. ನೋಡುವವರಿಗೆ ಅದು ಭೇದಿಯಂತೆ ಕಾಣುತ್ತದೆ. ಮೂಲ ತೊಂದರೆ ಮಲಬದ್ಧತೆ. ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ಕಟ್ಟು ಇನ್ನೂ ಬಿಗಿಯಾಗುತ್ತದೆ.

3. ದೇಹದ ವ್ಯವಹಾರ

ಆರೋಗ್ಯವಂತರಲ್ಲಿ ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಮಲವಿಸರ್ಜನೆ ಸಹಜ. ದಿನವೂ ಆಗಲೇಬೇಕೆಂಬ ನಿಯಮವಿಲ್ಲ. ವಾರಕ್ಕೆ ಮೂರಕ್ಕಿಂತ ಕಡಿಮೆಯಾಗುವುದು, ಮಲ ಗಟ್ಟಿಯಾಗಿ ತಿಣುಕಬೇಕಾಗುವುದು, ಆದ ಮೇಲೂ ಪೂರ್ತಿ ಆಗಿಲ್ಲವೆನಿಸುವುದು ಮಲಬದ್ಧತೆಯ ಲಕ್ಷಣಗಳು. ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ಗಟ್ಟಿಯಾಗುತ್ತದೆ.

ನಾರಿನಂಶ ಹಾಗೂ ನೀರು ಕಡಿಮೆಯಾಗುವುದು, ನಡೆದಾಟವಿಲ್ಲದಿರುವುದು, ವೇಗವನ್ನು ತಡೆಯುವುದು ಸಾಮಾನ್ಯ ಕಾರಣಗಳು. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮಲವೇಗವೂ ಅವುಗಳಲ್ಲಿ ಒಂದು. ಶೌಚಾಲಯ ಸ್ವಚ್ಛವಿಲ್ಲದ ಶಾಲೆಯಲ್ಲಿ ದಿನವಿಡೀ ತಡೆದುಕೊಳ್ಳುವ ಹುಡುಗಿಯರಿಗೆ, ಕತ್ತಲಾಗುವವರೆಗೆ ಕಾಯುವ ಹೆಂಗಸರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕಬ್ಬಿಣಾಂಶದ ಗುಳಿಗೆ, ಅಫೀಮು ಜಾತಿಯ ನೋವುನಿವಾರಕ, ಕೆಲವು ರಕ್ತದೊತ್ತಡದ ಮತ್ತು ಮನೋರೋಗದ ಔಷಧಿಗಳೂ ಮಲವನ್ನು ಕಟ್ಟುತ್ತವೆ. ಥೈರಾಯ್ಡ್ ಕೊರತೆ, ಮಧುಮೇಹಗಳೂ ಕಾರಣವಾಗಬಹುದು.

4. ಮೊದಲು ಮಾಡಬೇಕಾದುದು

ಮೊದಲ ಚಿಕಿತ್ಸೆ ಊಟದಲ್ಲಿದೆ. ವಯಸ್ಕರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ ಇರುತ್ತದೆ. ಮಂಗಳವೇಢೆಯ ಜೋಳದ ನಾಡಿನಲ್ಲಿ ರೊಟ್ಟಿ, ಕಾಳುಪಲ್ಯ, ಮೆಂತ್ಯ, ರಾಜಗಿರಿ, ಪೇರಲ ದುಬಾರಿ ಪದಾರ್ಥಗಳಲ್ಲ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಕೆಲವು ವಾರಗಳಲ್ಲಿ ಮೆಲ್ಲನೆ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚಿಸಬೇಕು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿಂದ ನೀರಿನ ಮಿತಿ ಇರುವವರು ವೈದ್ಯರನ್ನು ಕೇಳಬೇಕು.

ಮುಂಜಾನೆಯ ಉಪಾಹಾರದ ನಂತರ ದೊಡ್ಡ ಕರುಳು ಸಹಜವಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಅವಸರವಿಲ್ಲದೆ ಕುಳಿತುಕೊಳ್ಳುವುದು ಒಳ್ಳೆಯ ರೂಢಿ. ಕುರ್ಚಿಯಂಥ ಶೌಚಾಸನ ಬಳಸುವವರು ಕಾಲ ಕೆಳಗೆ ಸಣ್ಣ ಮಣೆ ಇಟ್ಟುಕೊಂಡರೆ ಮೊಣಕಾಲು ಮೇಲೇರಿ ಮಲದ ದಾರಿ ನೇರವಾಗುತ್ತದೆ.

5. ಮನೆಮದ್ದುಗಳ ಗುಣ ಮತ್ತು ಅಪಾಯ

ಇಸಬಗೋಲು: ಇದು ಫಾರಸಿ ಹೆಸರು, ಬೀಜದ ಆಕಾರದಿಂದ ‘ಕುದುರೆಯ ಕಿವಿ’ ಎಂಬ ಅರ್ಥ ಬಂದಿದೆ. ಇದರ ಹೊಟ್ಟು ನೀರನ್ನು ಹೀರಿ ಉಬ್ಬುತ್ತದೆ. ತುಂಬಿದ ಲೋಟ ನೀರಿನೊಡನೆ ಸೇವಿಸಿದರೆ ಗುಣಕಾರಿ. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ, ನೀರು ಸಾಲದಿದ್ದರೆ ಕರುಳಿನಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ. ನುಂಗಲು ಕಷ್ಟಪಡುವ ವೃದ್ಧರಿಗೆ ಇದು ಬೇಡ. ಮಲಗುವ ಹೊತ್ತಿಗೆ ತೆಗೆದುಕೊಳ್ಳಬಾರದು.

ಔಡಲೆಣ್ಣೆ: ಇದಕ್ಕೆ ಹರಳೆಣ್ಣೆ ಎಂದೂ, ಮರಾಠಿಯಲ್ಲಿ ಏರಂಡೇಲ ಎಂದೂ ಹೆಸರು. ಇದು ಕರುಳನ್ನು ಕೆರಳಿಸಿ ಕೆಲಸ ಮಾಡುತ್ತದೆ. ಗರ್ಭಕೋಶವನ್ನೂ ಕೆರಳಿಸುವುದರಿಂದ ಗರ್ಭಿಣಿಯರು ಸೇವಿಸಬಾರದು. ಆಯುರ್ವೇದದ ವಿರೇಚನಕ್ಕೆ ಮೊದಲು ಸ್ನೇಹನ, ಸ್ವೇದನಗಳೂ ಅನಂತರ ಆಹಾರದ ಕ್ರಮವೂ ವಿಧಿಸಲ್ಪಟ್ಟಿವೆ. ಅಡುಗೆಮನೆಯಲ್ಲಿ ಅಳತೆಯಿಲ್ಲದೆ ಕುಡಿಸಿದ ಎಣ್ಣೆಗೆ ಆ ಹೆಸರು ಸಲ್ಲದು.

ಸೋನಾಮುಖಿ: ಹೊಟ್ಟೆಯ ಅನೇಕ ಚೂರ್ಣಗಳಲ್ಲಿ ಇದರ ಎಲೆ ಇರುತ್ತದೆ. ರಾತ್ರಿ ಸೇವಿಸಿದರೆ ಮುಂಜಾನೆಗೆ ಪರಿಣಾಮ. ಕೆಲವು ದಿನಕ್ಕೆ ಸರಿ. ಸಲಹೆಯಿಲ್ಲದೆ ಹೆಚ್ಚಿನ ಪ್ರಮಾಣದಲ್ಲಿ ನಿತ್ಯವೂ ಸೇವಿಸಿದರೆ ಹೊಟ್ಟೆ ನುಲಿಯುತ್ತದೆ, ದೇಹದ ನೀರು ಮತ್ತು ಪೊಟ್ಯಾಸಿಯಂ ಇಳಿಯುತ್ತವೆ. ‘ಗಿಡಮೂಲಿಕೆ’ ಎಂಬ ಪದ ಕಂಡೊಡನೆ ನಿರಪಾಯವೆಂದು ತಿಳಿಯದೆ ಡಬ್ಬಿಯ ಮೇಲಿನ ಘಟಕಗಳನ್ನು ಓದಬೇಕು.

ಲವಣ ಮತ್ತು ಎನಿಮಾ: ಮೆಗ್ನೀಸಿಯಂ ಲವಣದ ಜುಲಾಬು, ಫಾಸ್ಫೇಟ್ ಎನಿಮಾಗಳು ಮೂತ್ರಪಿಂಡ ದುರ್ಬಲವಾದವರಿಗೆ ಪ್ರಾಣಾಪಾಯ ತರಬಲ್ಲವು. ಇವುಗಳ ಬದಲು ವೈದ್ಯರು ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್‌ನಂಥ, ಮಲದಲ್ಲಿ ನೀರನ್ನು ಉಳಿಸುವ ಔಷಧಿ ಕೊಡಬಹುದು.

ಕಾರಣ ತಿಳಿಯದ ಹೊಟ್ಟೆನೋವಿಗೆ ಯಾವ ಜುಲಾಬನ್ನೂ ಕೊಡಬಾರದು. ಅಪೆಂಡಿಕ್ಸ್ ಬಾತಿದ್ದರೆ ಅದು ಒಡೆಯುವ ಸಂಭವ ಹೆಚ್ಚುತ್ತದೆ.

6. ಕೂಸುಗಳ ವಿಷಯ

ಎದೆಹಾಲನ್ನಷ್ಟೇ ಕುಡಿಯುವ ಕೂಸು, ಮೊದಲ ಕೆಲವು ವಾರಗಳು ಕಳೆದ ಮೇಲೆ, ಹಲವು ದಿನ ಮಲ ಮಾಡದಿರಬಹುದು. ಆಡುತ್ತ, ಹಾಲು ಕುಡಿಯುತ್ತ, ತೂಕ ಏರುತ್ತ ಇದ್ದು, ಮಲ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಇದನ್ನರಿಯದೆ ವಾರಕ್ಕೊಮ್ಮೆ ಔಡಲೆಣ್ಣೆ ಕುಡಿಸುವ ರೂಢಿ ಗಡಿಯ ಎರಡೂ ಬದಿಗೆ ಇದೆ. ಅಳುವ ಕೂಸಿನ ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಸಾಬೂನಿನ ಚೂರು, ಎಣ್ಣೆ ಹಚ್ಚಿದ ವೀಳ್ಯದೆಲೆಯ ತೊಟ್ಟುಗಳಿಂದ ಗುದಕ್ಕೆ ಉರಿ ಮತ್ತು ಗಾಯವಾಗುತ್ತದೆ. ಮರಾಠಿಯ ‘ಬಾಳಗುಟಿ’ ನಮ್ಮ ಭಾಗದಲ್ಲಿ ‘ಗುಟ್ಟಿ’ಯಾಗಿದೆ. ಸಾಣೆಕಲ್ಲಿನ ಮೇಲೆ ತೇಯ್ದ ಅದನ್ನು ಜೇನಿನಲ್ಲಿ ಕಲಸುವುದು ವಿಶೇಷವಾಗಿ ಅಪಾಯಕರ. ಒಂದು ವರ್ಷದೊಳಗಿನ ಕೂಸಿಗೆ ಜೇನಿನಿಂದ ಬೊಟ್ಯುಲಿಸಂ ಎಂಬ ವಿಷರೋಗ ಬರಬಹುದು, ಮತ್ತು ಅದರ ಮೊದಲ ಲಕ್ಷಣ ಬಹುಮಟ್ಟಿಗೆ ಮಲಬದ್ಧತೆಯೇ. ಹುಟ್ಟಿದ 48 ಗಂಟೆಗಳಲ್ಲಿ ಮಲ ಮಾಡದ ಕೂಸನ್ನು ಆಸ್ಪತ್ರೆಗೆ ಒಯ್ಯಬೇಕು.

7. ವೈದ್ಯರಿಗೆ ಹೇಳುವ ಮಾತು

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಬಂದ ಮಲಬದ್ಧತೆ ಇದ್ದರೆ ತಡಮಾಡದೆ ತಪಾಸಣೆ ಆಗಬೇಕು. ದೊಡ್ಡ ಕರುಳಿನ ಕ್ಯಾನ್ಸರಿಗೂ ಇವು ಸೂಚನೆಯಾಗಿರಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಅದು ಕರುಳು ಕಟ್ಟಿದ ಲಕ್ಷಣ. ಆಗ ಮನೆಮದ್ದು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗಡಿಭಾಗದಲ್ಲಿ ಅಜ್ಜಿಯ ಕನ್ನಡವನ್ನು ವೈದ್ಯರ ಮರಾಠಿಗೆ ದಾಟಿಸುವ ಕೆಲಸ ಅನೇಕ ಸಲ ಕಾಲೇಜು ಓದುವ ಮೊಮ್ಮಗಳ ಪಾಲಿಗೆ ಬರುತ್ತದೆ. ‘ಭೇದಿ’ ಎಂಬ ಒಂಟಿ ಪದದ ಬದಲು ಪೂರ್ಣ ವಾಕ್ಯವನ್ನು ಹೇಳುವುದು ಅವಳ ಹೊಣೆ: ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ಮಲ ಗಟ್ಟಿಯೋ ನೀರೋ, ರಕ್ತವಿದೆಯೋ ಇಲ್ಲವೋ, ಈಗಾಗಲೇ ಏನೇನು ಔಷಧಿ ಕೊಡಲಾಗಿದೆ. ‘ಅಜ್ಜಿಗೆ ಆರು ದಿನದಿಂದ ಗಟ್ಟಿ ಮಲ ಹೋಗಿಲ್ಲ, ನಿನ್ನೆಯಿಂದ ನೀರಷ್ಟೇ ಸೋರುತ್ತಿದೆ’ ಎಂಬ ವಾಕ್ಯವನ್ನು ಯಾವ ಭಾಷೆಗೆ ದಾಟಿಸಿದರೂ ಅರ್ಥ ಕೆಡುವುದಿಲ್ಲ.

ಅಭ್ಯಾಸ

1. ‘ಮಲಬದ್ಧತೆ’, ‘ಬದ್ಧಕೋಷ್ಠ’ ಪದಗಳನ್ನು ವಿಗ್ರಹಿಸಿ ಸಮಾಸಗಳನ್ನು ಹೆಸರಿಸಿರಿ.
2. ‘ಭೇದಿಗೆ ಔಷಧ’ ಎಂಬಂತೆ ಚತುರ್ಥಿಯಿಂದ ಎರಡು ಅರ್ಥ ಹೊರಡುವ ಮೂರು ಪ್ರಯೋಗಗಳನ್ನು ಬರೆದು, ಅರ್ಥ ಒಂದೇ ಆಗುವಂತೆ ತಿದ್ದಿರಿ.
3. ನಿಮ್ಮ ಊರಿನಲ್ಲಿ ಹೊಟ್ಟೆಯ ತೊಂದರೆಗಳಿಗೆ ಇರುವ ಮಾತುಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿ, ಕನ್ನಡ, ಮರಾಠಿ, ಫಾರಸಿ ಮೂಲಗಳಾಗಿ ವಿಂಗಡಿಸಿರಿ.
4. ಮನೆಯಲ್ಲಿರುವ ಒಂದು ಚೂರ್ಣದ ಡಬ್ಬಿಯ ಮೇಲಿನ ಘಟಕಗಳನ್ನು ಓದಿ ಅವುಗಳ ಕನ್ನಡ ಹೆಸರುಗಳನ್ನು ಪಟ್ಟಿ ಮಾಡಿರಿ.