ಒಂದು ಕಾರ್ಡ್ ಕಾಣುತ್ತೆ, ಇನ್ನೊಂದು ಕಾಣಲ್ಲ
ನಿಮ್ಮ ಹಳೇ ಪಿಸಿಯಲ್ಲಿ ಬಹುಶಃ ಏನೂ ಕೆಟ್ಟಿಲ್ಲ. ಪಿಸಿಐ ಕಾರ್ಡು ತನ್ನ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆಯನ್ನು ತಾನೇ ಹೇಳುತ್ತದೆ. ಲಿನಕ್ಸ್ ಕೇಳಿದರೆ ಸಾಕು. ಹಳೇ ಐಎಸ್ಎ ಕಾರ್ಡು ಕರೆದರೂ ಓಗೊಡದ ಪೈಕಿ. (1993ರಲ್ಲಿ ಬಂದ ಪ್ಲಗ್ ಅಂಡ್ ಪ್ಲೇ ಐಎಸ್ಎ ಮಾತು ಬೇರೆ.) ಹಾಗಾಗಿ ಪಿಸಿಐ ಸಾಧನಗಳನ್ನಷ್ಟೇ ತೋರಿಸುವ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ನಿಮ್ಮ ಐಎಸ್ಎ ಎನ್‌ಇ2000 ನೆಟ್‌ವರ್ಕ್ ಕಾರ್ಡನ್ನು ಹುಡುಕಿ ಪ್ರಯೋಜನವಿಲ್ಲ.

ಕಾರ್ಡ್ ಹೊರತೆಗೆದು ಜಂಪರ್ ನೋಡಿ. ಪೋರ್ಟ್ ವಿಳಾಸ 300 ಹೆಕ್ಸ್, ಐಆರ್‌ಕ್ಯೂ 5 ಅಂತಿದ್ದರೆ, ಬಯಾಸ್‌ನಲ್ಲಿ ಐಆರ್‌ಕ್ಯೂ 5 ಅನ್ನು ‘ಲೆಗಸಿ ಐಎಸ್ಎ’ಗೆ ಮೀಸಲಿಡಿ, ಇಲ್ಲದಿದ್ದರೆ ಯಾವುದಾದರೂ ಪಿಸಿಐ ಕಾರ್ಡು ಅದನ್ನು ಲಪಟಾಯಿಸಬಹುದು. ಆಮೇಲೆ ಮಾಡ್‌ಪ್ರೋಬ್‌ನಿಂದ ‘ಎನ್‌ಇ’ ಮಾಡ್ಯೂಲ್ ಲೋಡ್ ಮಾಡುವಾಗ ಅವೇ ಎರಡು ಸಂಖ್ಯೆ ಕೊಡಿ. ಕರ್ನೆಲ್ ಸಂದೇಶಗಳಲ್ಲಿ ಕಾರ್ಡಿನ ಮ್ಯಾಕ್ ವಿಳಾಸ ಬಂದರೆ ಕೆಲಸ ಆಯಿತು. ಹಾಂ, ಕಾರ್ಡಿಗೆ ಕೈ ಹಾಕುವ ಮುಂಚೆ ಪವರ್ ಕೇಬಲ್ ಕಿತ್ತಿಡಿ.